168 ದಿನ ಮಾತ್ರೆ, ಆಮೇಲೆ ಓಟ

ನಾನು 5000 ಮೀಟರ್ ಓಡುವವನು. ಕೋಲಾರದ ಪಕ್ಕದ ಹಳ್ಳಿ ನಮ್ಮದು, ಟೊಮೆಟೊ ಬೆಳೆಯುತ್ತೇವೆ, ಎರಡು ಹಸು ಇವೆ. 2022ರ ದಸರಾ ಹೊತ್ತಿಗೆ ಶುರುವಾದ ಕೆಮ್ಮು ದೀಪಾವಳಿ ಕಳೆದರೂ ಹೋಗಲಿಲ್ಲ. ತೋಟಕ್ಕೆ ಔಷಧಿ ಹೊಡೆದಿದ್ದಕ್ಕೆ ಇರಬೇಕು ಅಂದುಕೊಂಡೆ. ಒಂದು ಕ್ಲಿನಿಕ್‌ನಲ್ಲಿ ಕೆಮ್ಮಿನ ಸಿರಪ್ ಕೊಟ್ಟರು, ಮೂರು ಬಾಟಲಿ ಖಾಲಿ ಮಾಡಿದೆ. ಸಂಜೆಯಾದರೆ ಸಣ್ಣಗೆ ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. 58 ಕೆಜಿ ಇದ್ದವನು 51ಕ್ಕೆ ಇಳಿದೆ. ಇವತ್ತಿಗೂ ಬೇಜಾರಾಗುವ ವಿಷಯ ಅಂದರೆ, ತೂಕ ಇಳಿದಾಗ ನಾನು ಖುಷಿಪಟ್ಟಿದ್ದೆ. ಹಗುರ ಆದಷ್ಟು ಓಟಕ್ಕೆ ಒಳ್ಳೆಯದು ಅನ್ನುವ ಲೆಕ್ಕ.

ನಿಜ ಹೇಳಿದ್ದು ನನ್ನ ನೋಟ್‌ಬುಕ್. ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ಮಲಗಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗೋಡೆ ಗಡಿಯಾರ ನೋಡುತ್ತಾ ಒಂದು ನಿಮಿಷ ನಾಡಿ ಎಣಿಸಿ ಬರೆಯುವುದು ಕೋಚ್ ಸರ್ ಕಲಿಸಿದ ಅಭ್ಯಾಸ. ಸೆಪ್ಟೆಂಬರ್ ಪುಟದಲ್ಲಿ 52, 54, 53. ನವೆಂಬರ್ ಪುಟದಲ್ಲಿ 78, 84, 88. ಅದನ್ನು ನೋಡಿ ಸರ್ ಬೈಯಲಿಲ್ಲ. "ನಾಳೆ ಅಭ್ಯಾಸಕ್ಕೆ ಬರಬೇಡ, ಜಿಲ್ಲಾಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸು" ಅಂದರು ಅಷ್ಟೇ.

ಶ್ವಾಸಕೋಶದ ಕ್ಷಯ. ಔಷಧಿಗೆ ಬಗ್ಗುವ ಟಿಬಿ, ಅದೊಂದು ಸಮಾಧಾನ. 56 ದಿನ ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲೆ 112 ದಿನ ಮೂರು ಔಷಧಿಯದು. ಎಷ್ಟು ಮಾತ್ರೆ ಅನ್ನುವುದು ತೂಕದ ಮೇಲೆ. ನನಗೆ ದಿನಕ್ಕೆ ನಾಲ್ಕು. ಸರ್ಕಾರದಿಂದ ಪೂರ್ತಿ ಉಚಿತ. ಜೊತೆಗೆ ಪೌಷ್ಟಿಕ ಆಹಾರಕ್ಕೆ ಅಂತ ಆಗ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ಆಗಿದೆ.

ಮೊದಲ ದಿನ ಮೂತ್ರ ಕಿತ್ತಳೆ ಬಣ್ಣದಲ್ಲಿ ಹೋಯಿತು. ಅದು ಮಾತ್ರೆಯಲ್ಲಿರುವ ರಿಫಾಂಪಿಸಿನ್ ಅನ್ನುವ ಔಷಧಿಯಿಂದ, ಹೆದರಬೇಡ ಅಂತ ಆಶಾ ಕಾರ್ಯಕರ್ತೆ ಅಕ್ಕ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಆದರೆ ಮಂಡಿ, ಹಿಮ್ಮಡಿ ನೋವಿನ ಬಗ್ಗೆ ನನಗೆ ಗೊತ್ತಿರಲಿಲ್ಲ. ಓಡದೇ ಇದ್ದರೂ ಕೀಲು ಯಾಕೆ ನೋಯುತ್ತಿದೆ, ನನ್ನ ಕಾಲು ಹೋಯಿತಾ ಅಂತ ಒಂದು ರಾತ್ರಿ ಕೂತು ಅತ್ತಿದ್ದೇನೆ. ಡಾಕ್ಟರಿಗೆ ಹೇಳಿದ ಮೇಲೆ ಗೊತ್ತಾಯಿತು, ಮೊದಲ ಎರಡು ತಿಂಗಳ ಮಾತ್ರೆಯಲ್ಲಿರುವ ಪೈರಜಿನಮೈಡ್ ಯೂರಿಕ್ ಆಸಿಡ್ ಏರಿಸುತ್ತದೆ, ಅದಕ್ಕೇ ಈ ನೋವು. ಆಟಗಾರರು ಇದನ್ನು ತಿಳಿದುಕೊಂಡಿರಬೇಕು, ಯಾಕೆಂದರೆ ನಾವು ಯಾವ ನೋವನ್ನೂ ಪೆಟ್ಟು ಅಂದುಕೊಂಡು ಎಣ್ಣೆ ಹಚ್ಚುವವರು. ಸುಮ್ನೆ ಮಾತ್ರೆ ನಿಲ್ಲಿಸಬೇಡಿ, ಹೋಗಿ ಹೇಳಿ.

ಅಮ್ಮ ಮೊದಲು ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದಳು. ಆಶಾ ಅಕ್ಕ ಅಡುಗೆಮನೆಯಲ್ಲೇ ಕೂತು, ಇದು ಕೆಮ್ಮಿದಾಗ ಗಾಳಿಯಲ್ಲಿ ಹರಡುವ ಕಾಯಿಲೆ, ತಟ್ಟೆಯಿಂದ ಬರುವುದಲ್ಲ, ಕಿಟಕಿ ತೆಗೆದಿಡು, ಇವನು ಮಾಸ್ಕ್ ಹಾಕಲಿ, ಮನೆಯವರೆಲ್ಲ ಪರೀಕ್ಷೆ ಮಾಡಿಸಿ ಅಂತ ಹೇಳಿದ ಮೇಲೆ ಮತ್ತೆ ಒಟ್ಟಿಗೆ ಊಟಕ್ಕೆ ಕೂತೆವು. ಮುದ್ದೆ, ಹುರುಳಿಕಾಳು ಸಾರು, ದಿನಾ ಎರಡು ಮೊಟ್ಟೆ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುತ್ತಿತ್ತು, ಅರ್ಧ ಮುದ್ದೆ ಇಳಿದರೆ ಅದೇ ದೊಡ್ಡದು.

ನನಗೆ ನಿಜವಾಗಿ ಕಷ್ಟವಾಗಿದ್ದು ಹಾಸಿಗೆ ಹಿಡಿದಾಗ ಅಲ್ಲ. ಎರಡು ತಿಂಗಳಾದ ಮೇಲೆ. ಕೆಮ್ಮು ನಿಂತಿತ್ತು, ಕಫದಲ್ಲಿ ರೋಗಾಣು ಇಲ್ಲ ಅಂತ ಬಂತು, ತೂಕ 55. ಮೈ ಪೂರ್ತಿ ಸರಿಹೋಗಿದೆ ಅನ್ನಿಸಿತು. ಯಾರಿಗೂ ಹೇಳದೆ ಒಂದು ಬೆಳಿಗ್ಗೆ ಕ್ರೀಡಾಂಗಣಕ್ಕೆ ಹೋಗಿ ನಾಲ್ಕು ಸುತ್ತು ಜೋರಾಗಿ ಓಡಿದೆ. ಮೂರನೇ ಸುತ್ತಲ್ಲೇ ಪಕ್ಕೆ ಹಿಡಿಯಿತು, ಬಿಡಲಿಲ್ಲ. ಮರುದಿನ ನಾಡಿ 62ರಿಂದ 80ಕ್ಕೆ ಹೋಗಿತ್ತು, ಮೂರು ದಿನ ಎದ್ದು ಹಾಲು ಕರೆಯಲೂ ಆಗಲಿಲ್ಲ. ಯುವರಾಜ್ ಸಿಂಗ್ 2011ರ ವಿಶ್ವಕಪ್ಪನ್ನು ಕೆಮ್ಮುತ್ತಲೇ ಆಡಿದ್ದರು, ಆಮೇಲೆ ಎದೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು, ಕೀಮೋ ಮುಗಿಸಿ 2012ರ ಸೆಪ್ಟೆಂಬರ್‌ನಲ್ಲಿ ತಂಡಕ್ಕೆ ವಾಪಸ್ ಬಂದರು. ಆ ವಾಪಸ್ ಬಂದದ್ದನ್ನೇ ನಾನು ಎಷ್ಟು ಸಲ ನೆನೆದಿದ್ದೆ! ನಡುವಿನ ತಿಂಗಳುಗಳನ್ನು ಮಾತ್ರ ನೆನೆದಿರಲಿಲ್ಲ. ಸಹಿಸಿಕೊಂಡು ಓಡು ಅಂತ ನಮಗೆ ಚಿಕ್ಕಂದಿನಿಂದ ಕಲಿಸಿರುತ್ತಾರೆ, ಅದೇ ಇಲ್ಲಿ ಮೋಸ ಮಾಡುತ್ತದೆ. ಮಾತ್ರೆ ನಡುವೆ ಬಿಟ್ಟರಂತೂ ರೋಗ ಔಷಧಿಗೆ ಬಗ್ಗದ ಹಾಗೆ ಆಗಿಬಿಡಬಹುದು.

ಆಮೇಲೆ ಡಾಕ್ಟರು ಮತ್ತು ಸರ್ ಇಬ್ಬರನ್ನೂ ಕೇಳಿಯೇ ಹೆಜ್ಜೆ ಇಟ್ಟೆ. ಮೊದಲು ಡೈರಿಗೆ ಹಾಲು ಕೊಡಲು ನಡೆದು ಹೋಗುವುದು. ನಂತರ ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು, ಓಡುವುದಿಲ್ಲ, ನಡೆಯುವುದು, ಉಸಿರು ಕಟ್ಟಿದರೆ ಕೂರುವುದು. ಮೊದಲ ಸಲ ಐದು ಕಡೆ ಕೂತಿದ್ದೆ. ಒಂದೂ ಕಡೆ ಕೂರದೆ ಮೇಲೆ ಹೋಗಿ, ಕಲ್ಲು ಬಸವನ ಬಾಯಿಂದ ಬೀಳುವ ನೀರಿಗೆ ಕೈಯೊಡ್ಡಿದ ದಿನ ನಾಲ್ಕನೇ ತಿಂಗಳು ಮುಗಿದಿತ್ತು. ಬೆಳಿಗ್ಗೆ ನಾಡಿ ಹಿಂದಿನ ದಿನಕ್ಕಿಂತ ಆರು ಜಾಸ್ತಿ ಇದ್ದರೆ ಆವತ್ತು ರಜೆ, ಇದು ನನಗೆ ನಾನೇ ಹಾಕಿಕೊಂಡ ನಿಯಮ. 168ನೇ ದಿನದ ಮಾತ್ರೆ ನುಂಗಿ, ಡಾಕ್ಟರು ಆಯಿತು ಅಂದ ಮೇಲೆಯೇ ಎರಡು ನಿಮಿಷ ನಡಿಗೆ, ಒಂದು ನಿಮಿಷ ಓಟ ಶುರು ಮಾಡಿದೆ.

ಕಾಯಿಲೆಗೆ ಮೊದಲು 5000 ಮೀಟರ್‌ಗೆ ನನ್ನ ಸಮಯ 16 ನಿಮಿಷ 20 ಸೆಕೆಂಡು. ವಾಪಸ್ ಬಂದ ಮೊದಲ ಓಟದಲ್ಲಿ 18:05. ಈಗ 16:41.

ಕಳೆದ ತಿಂಗಳು ಮೈದಾನದಲ್ಲಿ ಒಬ್ಬ ಹುಡುಗ ಕೆಮ್ಮುತ್ತಿದ್ದ. ಎಷ್ಟು ದಿನದಿಂದ ಅಂದೆ. "ಮೂರು ವಾರ ಆಯ್ತಣ್ಣ, ಧೂಳಿಗೆ ಅಷ್ಟೇ" ಅಂದ. ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಬೇಕು ಕಣೋ ಅಂತ ಬೈಕಿಗೆ ಹತ್ತಿಸಿಕೊಂಡು ಹೋದೆ. ಟಿಬಿ ಇಲ್ಲ ಅಂತ ಬಂತು. ಈಗ ಅವನೂ ಒಂದು ನೋಟ್‌ಬುಕ್ ಇಟ್ಟಿದ್ದಾನೆ, ಬೆಳಿಗ್ಗೆ ಬಂದ ತಕ್ಷಣ ಅವನ ನಂಬರ್ ಹೇಳಿ ನನ್ನದು ಕೇಳುತ್ತಾನೆ.