ಮನೆ ಕಟ್ಟುವ ಮೊದಲು ಸೈಟಿನಲ್ಲಿ ಒಂದು ಕೋಲು ನೆಡಿ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ಹತ್ತಿರ ನಮ್ಮದೊಂದು 40×60 ಸೈಟು. 2019ರ ಕೊನೆಗೆ ಗುದ್ದಲಿ ಪೂಜೆ ಮಾಡಿದೆವು. ಕೊರೋನಾ ಬಂದು ಕೆಲಸ ನಿಂತಿತು. 2021ರಲ್ಲಿ ಗೃಹಪ್ರವೇಶ ಆಯಿತು. ಪರಿಸರಕ್ಕೆ ಆದಷ್ಟು ಕಮ್ಮಿ ಹೊರೆಯಾಗುವ ಹಾಗೆ ಕಟ್ಟಿದ, 11 ಚದರದ (ಒಂದು ಚದರ ಅಂದರೆ 100 ಚದರ ಅಡಿ), ಒಂದೇ ಅಂತಸ್ತಿನ ಮನೆ.

ನೋಡಲು ಬಂದವರು ಮೊದಲು ಕೇಳುವುದು "ಸೋಲಾರ್ ಎಷ್ಟು ಕಿಲೋವ್ಯಾಟ್?" ಅಂತ. ಕರೆಂಟಿನ ಸೋಲಾರ್ ನಾವು ಎಲ್ಲಕ್ಕಿಂತ ಕೊನೆಗೆ ಹಾಕಿಸಿದ್ದು. ಅದಕ್ಕೆ ಮೊದಲು ಯೋಚಿಸಬೇಕಾದ್ದು ಬಹಳ ಇದೆ. ಪಾಯ ತೋಡಿದ ಮೇಲೆ ಅದರಲ್ಲಿ ಅರ್ಧವನ್ನು ಮಾಡಲು ಆಗುವುದೇ ಇಲ್ಲ. ನಾವು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಮನೆ ಚಿಕ್ಕದು ಮಾಡಿ. ನಮ್ಮ ಮೊದಲ ಪ್ಲಾನು 18 ಚದರದ್ದು. ಇರುವವರು ನಾಲ್ಕು ಜನ. ಒಂದು ವಾರ ಬಾಡಿಗೆ ಮನೆಯಲ್ಲಿ ಯಾರು ಎಲ್ಲಿ ಎಷ್ಟು ಹೊತ್ತು ಕೂರುತ್ತಾರೆ ಅಂತ ಬರೆದಿಟ್ಟೆ. ಎಲ್ಲರೂ ಅಡುಗೆಮನೆ ಸುತ್ತಮುತ್ತಲೇ ಇರುತ್ತಿದ್ದೆವು. ಗೆಸ್ಟ್ ರೂಮು, ಎರಡನೇ ಹಾಲು, ಪೋರ್ಟಿಕೋ ಎಲ್ಲ ಹೋಯಿತು. ಒಂದು ಟನ್ ಸಿಮೆಂಟು ತಯಾರಾಗುವಾಗ ಸುಮಾರು 800ರಿಂದ 900 ಕಿಲೋ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಕಟ್ಟದೆ ಬಿಟ್ಟ 7 ಚದರದಲ್ಲಿ ಉಳಿದಷ್ಟು ನಮಗೆ ಬೇರೆ ಯಾವುದರಲ್ಲೂ ಉಳಿಯಲಿಲ್ಲ.

ಆಮೇಲೆ ಬಿಸಿಲು. ಸೈಟಿನ ನಡುವೆ ಒಂದು ನೇರವಾದ ಕೋಲು ನೆಡಿ. ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ನೆರಳು ಬಿದ್ದ ಕಡೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಬೇರೆ ಬೇರೆ ತಿಂಗಳಲ್ಲಿ ಮಾಡಲು ಸಮಯ ಇದ್ದರೆ ಇನ್ನೂ ಒಳ್ಳೆಯದು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ.

ದಕ್ಷಿಣದ ಬಿಸಿಲನ್ನು ತಡೆಯುವುದು ಸುಲಭ. ಡಿಸೆಂಬರಿನ ಮಧ್ಯಾಹ್ನವೂ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ. 2 ಅಡಿ ಸಜ್ಜಾ ಇದ್ದರೆ ಆ ಹೊತ್ತಿಗೂ ಅದರ ಕೆಳಗೆ ಎರಡೂವರೆ ಅಡಿ ನೆರಳು ಸಿಗುತ್ತದೆ. ಕಷ್ಟ ಇರುವುದು ಪಶ್ಚಿಮದಲ್ಲಿ. ಸಂಜೆ 4ರ ಬಿಸಿಲು ಅಡ್ಡಲಾಗಿ ಬರುತ್ತದೆ, ಸಜ್ಜಾ ಏನೂ ಮಾಡಲಾರದು. ಅದಕ್ಕೆ ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಸ್ಟೋರ್ ರೂಮು ಇಟ್ಟೆವು. ಕಿಟಕಿ ಚಿಕ್ಕದು. ಆ ಕಡೆ ಇದ್ದ ಹೊಂಗೆ ಮರವನ್ನು ಕಡಿಯಲು ಬಿಡಲಿಲ್ಲ. ಕಾಂಪೌಂಡನ್ನೇ ಸ್ವಲ್ಪ ಒಳಗೆ ತಂದೆವು. ಯುಗಾದಿ ಹೊತ್ತಿಗೆ ಅದು ಹೊಸ ಎಲೆ ತುಂಬಿಕೊಂಡು ನಿಂತಿರುತ್ತದೆ, ನಮಗೆ ನೆರಳು ಬೇಕಾಗುವುದೂ ಆಗಲೇ.

ಅತ್ತೆಯವರಿಗೆ ಅಡುಗೆಮನೆ ಆಗ್ನೇಯಕ್ಕೇ ಬೇಕಿತ್ತು. ಅದು ನನ್ನ ಲೆಕ್ಕಕ್ಕೂ ಸರಿಹೋಯಿತು. ಬೆಳಗಿನ ಬಿಸಿಲು ಬರುತ್ತದೆ. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ಒಗ್ಗರಣೆ ಹೊಗೆ ಮನೆಯೊಳಗೆ ತಿರುಗದೆ ಹೊರಗೆ ಹೋಗುತ್ತದೆ. ವಾಸ್ತು ಅಂದ ತಕ್ಷಣ ಜಗಳಕ್ಕೆ ನಿಲ್ಲಬೇಡಿ. ಹಿರಿಯರ ಜೊತೆ ಕೂತು ಗಾಳಿ, ಬಿಸಿಲಿನ ಲೆಕ್ಕ ಹಾಕಿ. ಸುಮಾರು ಕಡೆ ಇಬ್ಬರ ಮಾತೂ ಕೂಡುತ್ತದೆ.

ಈಗ ಗೋಡೆ. ನನಗೆ ತುಂಬ ಇಷ್ಟವಾದ ಕೆಲಸ ಇದು. ನಮ್ಮ ಗೋಡೆಯ ಬ್ಲಾಕುಗಳ ಮಣ್ಣು ನಮ್ಮ ಸೈಟಿನದೇ, ಪಾಯ ಮತ್ತು ಸಂಪು ತೋಡಿದಾಗ ಬಂದದ್ದು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ ಈ ಬ್ಲಾಕನ್ನು ಸುಡುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಈ ವಿಧಾನದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಕೈಯಲ್ಲಿ ಒತ್ತುವ 'ಮರ್ದಿನಿ' ಯಂತ್ರವೂ ಆ ಕೆಲಸದಿಂದಲೇ ಬಂದದ್ದು.

ನಿಮ್ಮ ಮಣ್ಣು ಆಗುತ್ತದೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಮೇಲಿನ ಒಂದು ಅಡಿ ಮಣ್ಣು ಬೇಡ, ಅದರಲ್ಲಿ ಬೇರು, ಕಸ ಇರುತ್ತದೆ. ಅದನ್ನು ತೋಟಕ್ಕೆ ಎತ್ತಿಡಿ. ಕೆಳಗಿನ ಮಣ್ಣನ್ನು ಜರಡಿ ಹಿಡಿದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ. ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ ಒಂದು ದಿನ ಅಲ್ಲಾಡಿಸದೆ ಬಿಡಿ. ತಳದಲ್ಲಿ ಮರಳು, ಅದರ ಮೇಲೆ ನುಣುಪು ಮಣ್ಣು, ಎಲ್ಲಕ್ಕಿಂತ ಮೇಲೆ ಜೇಡಿ ಕೂರುತ್ತದೆ. ಜೇಡಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು, ಮರಳು ಜಾಸ್ತಿ ಇದ್ದರೆ ಒಳ್ಳೆಯ ಬ್ಲಾಕು ಬರುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಜೇಡಿ ಜಾಸ್ತಿ ಇತ್ತು, ಕಲ್ಲಿನ ಕ್ರಷರ್ ಪುಡಿ ಬೆರೆಸಿದೆವು. ಕಪ್ಪು ಎರೆಮಣ್ಣು ಇದಕ್ಕೆ ಬೇಡ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಸೀಳುತ್ತದೆ. ಕಲಬುರಗಿ ಕಡೆಯವರಿಗೆ ಶಹಾಬಾದ್ ಕಲ್ಲು ಇದೆ, ಕರಾವಳಿಯವರಿಗೆ ಮುರಕಲ್ಲು ಇದೆ. ಹತ್ತಿರ ಏನು ಸಿಗುತ್ತದೋ ಅದರಲ್ಲೇ ಕಟ್ಟಿ.

ನಮಗೆ ಸುಮಾರು 6,000 ಬ್ಲಾಕು ಬೇಕಾಯಿತು. ನೂರಕ್ಕೆ 7 ಪಾಲು ಸಿಮೆಂಟು ಹಾಕಿದರೆ ಒಂದು ಚೀಲಕ್ಕೆ 90 ಬ್ಲಾಕು ಸಿಗುತ್ತದೆ. ನೀರಿನ ಹದ ನೋಡಲು ಒಂದು ಉಂಡೆ ಕಟ್ಟಿ ಎದೆಯ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ತುಂಡಾದರೆ ಹದ ಸರಿ. ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿ, ಪುಡಿಯಾದರೆ ಕಮ್ಮಿ.

ಒತ್ತಿದ ಮೇಲೆ 21 ದಿನವಾದರೂ ಹುಲ್ಲು ಮುಚ್ಚಿ ನೀರು ಹಾಕಲೇಬೇಕು. ಇಲ್ಲಿ ನಮಗೆ ಏಟು ಬಿತ್ತು. ಮೊದಲ 400 ಬ್ಲಾಕು ಮಾಡಿದ್ದೇ ಕೆಲಸದವರು ಹಬ್ಬಕ್ಕೆ ಊರಿಗೆ ಹೋದರು. ನೀರು ಹಾಕುವವರಿಗೆ ಹೇಳಿದ್ದೇವೆ ಅಂದುಕೊಂಡು ನಾವೂ ಹೋಗಲಿಲ್ಲ. ಮೂರು ದಿನ ಒಣಗಿದವು. ಅಂಚನ್ನು ಹೆಬ್ಬೆರಳಲ್ಲಿ ಉಜ್ಜಿದರೆ ಉದುರುತ್ತಿತ್ತು. ಅವನ್ನು ಗೋಡೆಗೆ ಹಾಕದೆ ತೋಟದ ದಾರಿಗೆ ಹಾಸಿದೆವು. ಆಮೇಲೆ ದಿನಾ ಶಾಲೆಗೆ ಹೋಗುವ ಮೊದಲು ನಾನೇ ಹೋಗಿ ಪೈಪು ಹಿಡಿಯುತ್ತಿದ್ದೆ. ಮೇಸ್ತ್ರಿ ಎಷ್ಟೇ ಒಳ್ಳೆಯವರಿರಲಿ, ಕ್ಯೂರಿಂಗ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಬ್ಲಾಕು ಚೆನ್ನಾಗಿದ್ದರೆ ಹೊರಗಿನ ಗಾರೆಯೂ ಬೇಡ, ಬಣ್ಣವೂ ಬೇಡ. ಆದರೆ ಪ್ಲಿಂತ್ (ನೆಲದ ಮೇಲೆ ಗೋಡೆ ಶುರುವಾಗುವವರೆಗಿನ ಕಟ್ಟೆ) ಎತ್ತರವಾಗಿರಲಿ, ಪಾಯ ಕಲ್ಲಿನದಿರಲಿ, ಸಜ್ಜಾ ಮುಂದೆ ಚಾಚಿರಲಿ. ಗೋಡೆಯ ಬುಡಕ್ಕೆ ಮಳೆ ಸಿಡಿಯಬಾರದು.

ತಾರಸಿಗೆ ಹಳೇ ಮಂಗಳೂರು ಹೆಂಚು ಸೇರಿಸಿದ ಫಿಲ್ಲರ್ ಸ್ಲ್ಯಾಬ್ ಹಾಕಿಸಿದೆವು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟು ಕಬ್ಬಿಣವನ್ನು ಹಿಡಿದಿಟ್ಟರೆ ಸಾಕು. ಹಾಗಾಗಿ ಕಂಬಿಗಳ ನಡುವೆ ಹೆಂಚು ಇಟ್ಟು ಅಷ್ಟು ಕಾಂಕ್ರೀಟು ಉಳಿಸಬಹುದು. ಎರಡು ಹೆಂಚು ಜೋಡಿಸಿ ಇಟ್ಟರೆ ನಡುವೆ ಗಾಳಿ ನಿಂತು ಬಿಸಿ ಇಳಿಯುವುದೂ ಕಮ್ಮಿ. ಕಂಬಿಯ ಲೆಕ್ಕ ಇಂಜಿನಿಯರೇ ಮಾಡಬೇಕು, ಅಂದಾಜಿನ ಮೇಲೆ ಬೇಡ. ಮೋಲ್ಡ್ ಹಾಕುವ ಮೊದಲು ಹೆಂಚುಗಳನ್ನು ನೀರಲ್ಲಿ ನೆನೆಸಿ, ಇಲ್ಲದಿದ್ದರೆ ಕಾಂಕ್ರೀಟಿನ ನೀರು ಕುಡಿದುಬಿಡುತ್ತವೆ. ಮುಂದೆ ಸೋಲಾರ್ ಹಾಕುವುದಿದ್ದರೆ ಅದರ ವೈರಿನ ಪೈಪನ್ನೂ ಆ ದಿನವೇ ಇಡಿಸಿ.

ಬಾಗಿಲು, ಕಿಟಕಿ ಹಳೇ ಮನೆ ಒಡೆದ ಮರ ಮಾರುವ ಅಂಗಡಿಯಿಂದ ತಂದೆವು. ನೆಲಕ್ಕೆ ರೆಡ್ ಆಕ್ಸೈಡ್. ಅದನ್ನು ಗೊತ್ತಿದ್ದವರಿಂದಲೇ ಹಾಕಿಸಿ, ಅವರು ಹಿಂದೆ ಹಾಕಿದ ನೆಲವನ್ನು ನೋಡಿಕೊಂಡು ಬನ್ನಿ.

ನೀರಿನ ವಿಷಯಕ್ಕೆ ಬರೋಣ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಬೆಂಗಳೂರಿನ ವರ್ಷದ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ನಮ್ಮ ತಾರಸಿ 100 ಚದರ ಮೀಟರ್. ಅಂದರೆ 97,000 ಲೀಟರ್! ಐದರಲ್ಲಿ ಒಂದು ಪಾಲು ಹೋದರೂ 77,000 ಉಳಿಯುತ್ತದೆ. 20,000 ಲೀಟರಿನ ಸಂಪು ಕಟ್ಟಿಸಿದೆವು. ತಾರಸಿಯ ಪೈಪಿನ ಬುಡದಲ್ಲಿ ಒಂದು ವಾಲ್ವ್ ಇದೆ. ಮೊದಲ ಮಳೆಯ ಕೊಳೆನೀರು ಅದರಿಂದ ಹೊರಗೆ ಹೋಗುತ್ತದೆ. ಆಮೇಲಿನದು ಜಲ್ಲಿ, ಮರಳು, ಇದ್ದಿಲಿನ ಮೂಲಕ ಸಂಪಿಗೆ ಇಳಿಯುತ್ತದೆ. ಮುಚ್ಚಳ ಬಿಗಿಯಾಗಿರಬೇಕು. ಬೆಳಕು ಬಿದ್ದರೆ ಪಾಚಿ, ಸಂದಿ ಇದ್ದರೆ ಸೊಳ್ಳೆ. ಕುಡಿಯಲು ನಾವು ಕಾಯಿಸಿಯೇ ಬಳಸುತ್ತೇವೆ.

ಸಂಪು ತುಂಬಿ ಹೆಚ್ಚಾದ ನೀರು ಇಂಗುಬಾವಿಗೆ ಹೋಗುತ್ತದೆ. 3 ಅಡಿ ಅಗಲ, 20 ಅಡಿ ಆಳ, ಸಿಮೆಂಟಿನ ರಿಂಗು ಇಳಿಸಿದ್ದು. ತೋಡಿದವರು ತಲೆತಲಾಂತರದಿಂದ ಬಾವಿ ತೋಡುವ ಮಣ್ಣು ವಡ್ಡರು. ಬುಟ್ಟಿಯಲ್ಲಿ ಬಂದ ಮಣ್ಣಿನ ಬಣ್ಣ ನೋಡಿಯೇ "ಇಲ್ಲಿ ನೀರು ಕುಡಿಯುತ್ತೆ ಅಕ್ಕಾ" ಅಂದಿದ್ದರು. ಹಾಗೇ ಆಯಿತು. ಇಂಗುಬಾವಿ ಪಾಯದಿಂದ ದೂರ ಇರಲಿ, ಬಚ್ಚಲ ನೀರನ್ನು ಅದಕ್ಕೆ ಬಿಡಲೇಬೇಡಿ.

2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆಲ್ಲ ನೀರಿನ ಬರ ಬಂತಲ್ಲ, ಆಗ ನಮ್ಮ ಅಕ್ಕಪಕ್ಕದ ಬೋರುಗಳೂ ಒಂದೊಂದಾಗಿ ನಿಂತವು. ನವೆಂಬರ್ ಮಧ್ಯದಲ್ಲಿ ತುಂಬಿದ್ದ ಸಂಪನ್ನು ಅಡುಗೆ, ಸ್ನಾನಕ್ಕೆ ಮಾತ್ರ ಅಂತ ದಿನಕ್ಕೆ 150 ಲೀಟರಿನಂತೆ ಬಳಸಿದೆವು. ಮಾರ್ಚ್ ಕೊನೆಯವರೆಗೆ ಬಂತು. ಏಪ್ರಿಲಿನಲ್ಲಿ ಎರಡು ಟ್ಯಾಂಕರ್ ತರಿಸಲೇಬೇಕಾಯಿತು. ಜಾಗ ಇದ್ದರೆ ನೀವು 30,000 ಲೀಟರಿನ ಸಂಪು ಮಾಡಿಸಿ. ಹೇಗೆ ಕಟ್ಟುವುದು ಅಂತ ಕಣ್ಣಾರೆ ನೋಡಲು ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲಿನ ಪಾರ್ಕ್ ಇದೆ. ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿ.

ಸ್ನಾನದ ಮತ್ತು ಬಟ್ಟೆ ಒಗೆದ ನೀರಿಗೆ ಟಾಯ್ಲೆಟ್ಟಿನಿಂದ ಬೇರೆಯೇ ಪೈಪು ಹಾಕಿಸಿ. ನೆಲ ಮುಚ್ಚುವ ಮೊದಲಾದರೆ ಸುಲಭ, ಆಮೇಲೆ ನೆಲ ಒಡೆಯಬೇಕು. ನಮ್ಮದು ಜಲ್ಲಿ ತುಂಬಿದ ತೊಟ್ಟಿಗೆ ಹೋಗಿ, ಅಲ್ಲಿನ ಕಾಬಾಳೆ ಗಿಡಗಳ ಬೇರಿನ ನಡುವೆ ಹಾದು ಬಾಳೆಗೆ ಸೇರುತ್ತದೆ.

ಕೊನೆಗೆ ಸೋಲಾರ್. ಬಿಸಿನೀರಿನದು ಮೊದಲ ದಿನದಿಂದಲೇ ಇತ್ತು. ಕರೆಂಟಿನದು ಮೊನ್ನೆ ಮೊನ್ನೆ ಹಾಕಿಸಿದ್ದು, 2 ಕಿಲೋವ್ಯಾಟ್. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಅಷ್ಟಕ್ಕೆ 60,000 ರೂಪಾಯಿ ಸಬ್ಸಿಡಿ ಇದೆ. ಮನೆ ತಂಪಾಗಿರುವುದರಿಂದ ನಮಗೆ ಎಸಿ ಬೇಕಾಗಿಲ್ಲ, ಹೀಗಾಗಿ 2 ಕಿಲೋವ್ಯಾಟೇ ಸಾಕಾಯಿತು.

ಇನ್ನೊಂದು ಮಾತು ಮರೆತಿದ್ದೆ. ಪೈಪು, ವೈರು ಮುಚ್ಚುವ ಮೊದಲು ಪ್ರತಿ ಗೋಡೆಗೂ ನೆಲಕ್ಕೂ ಟೇಪು ಹಿಡಿದು ಫೋಟೋ ತೆಗೆದಿಡಿ. ಹೋದ ವರ್ಷ ಬಚ್ಚಲಲ್ಲಿ ನೀರು ಸೋರಿದಾಗ ಪ್ಲಂಬರ್ ಆ ಫೋಟೋ ನೋಡಿ ಒಂದೇ ಒಂದು ಬ್ಲಾಕು ತೆಗೆದು ಸರಿಮಾಡಿ ಹೋದರು.