ಪಾಲಿಸಿ ಹಾಕಿದ ಲ್ಯಾಪ್‌ಟಾಪಿನಲ್ಲೂ ಸ್ಕ್ರೀನ್ ಪ್ರಾಂಕ್: ನನ್ನ ಅನುಭವ

ಆಫೀಸ್ ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್ ಪ್ರಾಂಕ್ ಆಗೋ ಮಾತೇ ಅಲ್ಲ ಅಂತ ನಮ್ಮ ಫ್ಲೋರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಕಂಪನಿಯ ಪಾಲಿಸಿ, ಅಂದರೆ ಐಟಿಯವರು ಹಾಕಿದ ನಿರ್ಬಂಧ, ವಾಲ್‌ಪೇಪರ್ ಬದಲಿಸಲು ಬಿಡುವುದಿಲ್ಲ, ಪೆನ್‌ಡ್ರೈವ್ ಓದುವುದಿಲ್ಲ, ಏನು ಇನ್‌ಸ್ಟಾಲ್ ಮಾಡಹೋದರೂ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಅವರು ಹೇಳಿದ್ದೆಲ್ಲ ನಿಜವೇ. ಆದರೂ ನನಗೊಂದು ದಾರಿ ಸಿಕ್ಕಿತು: ಡೆಸ್ಕ್‌ಟಾಪಿನ ಚಿತ್ರವನ್ನೇ ಬ್ರೌಸರಿನಲ್ಲಿ ಪರದೆ ತುಂಬ ತೆರೆದಿಟ್ಟು, ಅದೇ ಅಸಲಿ ಅಂತ ನಂಬಿಸುವುದು. ಏಳೆಂಟು ತಿಂಗಳಲ್ಲಿ ಹನ್ನೊಂದು ಜನರ ಮೇಲೆ ಇದನ್ನು ಪ್ರಯೋಗಿಸಿದೆ, ಒಂಬತ್ತು ಜನ ಬಕ್ರಾ ಆದರು. ಒಂದೇ ಒಂದು ಸೆಟ್ಟಿಂಗ್ ಮುಟ್ಟಿಲ್ಲ, ಹೊರಗಿನಿಂದ ಒಂದು ಫೈಲ್ ಕೂಡ ತಂದಿಲ್ಲ.

ನಮ್ಮ ತಂಡದಲ್ಲಿ ಮೊದಲೇ ಮಾತಾಗಿದೆ: ಲಾಕ್ ಮಾಡದೆ ಎದ್ದುಹೋದ ಮೆಷಿನ್ ಆಟಕ್ಕೆ ಸಿಗುತ್ತದೆ, ಮೇಲ್ ಮತ್ತು ಚಾಟ್ ಮಾತ್ರ ಯಾರೂ ಮುಟ್ಟುವಂತಿಲ್ಲ. ಒಪ್ಪಿಲ್ಲದವರ ಮೆಷಿನ್ ಹತ್ತಿರವೂ ನಾನು ಹೋಗುವುದಿಲ್ಲ. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಬಳಸಿದರೆ 2000ದ ಐಟಿ ಕಾಯ್ದೆಯ 43ನೇ ಕಲಂ ಇದೆ.

ಹಳೆಯ ಪಟ್ಟುಗಳು ಯಾಕೆ ಸತ್ತವು ಅನ್ನುವುದು ನಿಮಗೆ ಗೊತ್ತೇ ಇದೆ. ಡೆಸ್ಕ್‌ಟಾಪ್ ಫೋಟೋ ತೆಗೆದು ಅದನ್ನೇ ವಾಲ್‌ಪೇಪರ್ ಮಾಡಿ ಐಕಾನ್ ಅಡಗಿಸುವುದು ಪಾಲಿಸಿಗೆ ಬಲಿಯಾಯಿತು. ಕಂಟ್ರೋಲ್, ಆಲ್ಟ್ ಜೊತೆ ಬಾಣದ ಕೀ ಒತ್ತಿ ಸ್ಕ್ರೀನ್ ತಲೆಕೆಳಗು ಮಾಡುವುದು ಹಳೆಯ ಇಂಟೆಲ್ ಡ್ರೈವರ್ ಕೊಟ್ಟಿದ್ದ ಸೌಕರ್ಯ, ಹೊಸ ಮೆಷಿನ್‌ಗಳಲ್ಲಿ ಬಹುಮಟ್ಟಿಗೆ ಕೆಲಸ ಮಾಡುವುದಿಲ್ಲ. ಮೌಸ್ ಕೆಳಗಿನ ಟೇಪು ಹತ್ತು ಸೆಕೆಂಡಿಗೆ ಸಿಕ್ಕಿಬೀಳುತ್ತದೆ.

ನನ್ನದು ಹೀಗೆ. ವಿಂಡೋಸ್ ಕೀ ಮತ್ತು ಡಿ ಒತ್ತಿ ಎಲ್ಲ ವಿಂಡೋ ಇಳಿಸಬೇಕು. ಇದನ್ನು ಬಿಟ್ಟರೆ ಅವರ ಮೇಲ್ ಚಿತ್ರದೊಳಗೆ ಬರುತ್ತದೆ, ಅದು ಕೂಡದು. ಆಮೇಲೆ ವಿಂಡೋಸ್ ಮತ್ತು ಪ್ರಿಂಟ್ ಸ್ಕ್ರೀನ್. ಚಿತ್ರ ನೇರವಾಗಿ ಪಿಕ್ಚರ್ಸ್ ಒಳಗಿನ ಸ್ಕ್ರೀನ್‌ಶಾಟ್ಸ್ ಫೋಲ್ಡರಿಗೆ ಬೀಳುತ್ತದೆ. ಅದಕ್ಕೊಂದು ಒಂದಕ್ಷರದ ಹೆಸರು ಕೊಟ್ಟು, ಅದೇ ಫೋಲ್ಡರಿನಲ್ಲಿ ನೋಟ್‌ಪ್ಯಾಡ್‌ನಿಂದ ಇಪ್ಪತ್ತು ಸಾಲಿನ ಒಂದು ಎಚ್‌ಟಿಎಂಎಲ್ ಪುಟ (ಬ್ರೌಸರಿನಲ್ಲಿ ತೆರೆಯುವ ವೆಬ್ ಪುಟ) ಬರೆಯುತ್ತೇನೆ. ಸಾಲುಗಳು ಬಾಯಿಪಾಠವಾಗಿರಬೇಕು. ಟೀಗೆ ಹೋದವರು ಹದಿನೈದು ನಿಮಿಷ ಬರುವುದಿಲ್ಲ, ನನಗೆ ಈಗ ನಾಲ್ಕು ನಿಮಿಷ ಸಾಕು. ಮೊದಲೆರಡು ಸಲ ಸೋತದ್ದು ಇಲ್ಲೇ: ಸೇವ್ ಮಾಡುವಾಗ ಫೈಲ್ ಬಗೆಯಲ್ಲಿ ‘ಆಲ್ ಫೈಲ್ಸ್’ ಆರಿಸದಿದ್ದರೆ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ. ಎಕ್ಸ್‌ಟೆನ್ಷನ್ (ಫೈಲ್ ಹೆಸರಿನ ಆ ಬಾಲ) ಅಡಗಿರುವುದರಿಂದ ಕಣ್ಣಿಗೂ ಬೀಳುವುದಿಲ್ಲ.

ಚಿತ್ರವನ್ನು ಇಮೇಜ್ ಟ್ಯಾಗಿನಲ್ಲಿ, ಅಂದರೆ ಪುಟದಲ್ಲಿ ಚಿತ್ರ ತೋರಿಸುವ ಮಾಮೂಲಿ ಆಜ್ಞೆಯಲ್ಲಿ, ಹಾಕಬೇಡಿ. ಐಕಾನ್ ಎಳೆಯಲು ಹೋದವರಿಗೆ ಇಡೀ ಡೆಸ್ಕ್‌ಟಾಪೇ ಮಸುಕಾಗಿ ಕೈಗೆ ಅಂಟಿಕೊಂಡು ಬರುತ್ತದೆ, ಆಟ ಅಲ್ಲಿಗೆ ಮುಗಿಯಿತು. ಇಡೀ ಪುಟದ (ಬಾಡಿಯ) ಬ್ಯಾಕ್‌ಗ್ರೌಂಡ್ ಆಗಿ ಹಾಕಿ, ಮಾರ್ಜಿನ್ ಸೊನ್ನೆ ಮಾಡಿ, ಪುಟ ಸ್ಕ್ರಾಲ್ ಆಗದಂತೆ ಓವರ್‌ಫ್ಲೋ ಹಿಡನ್ ಕೊಡಿ. ಅಳತೆಯನ್ನು ಪಿಕ್ಸೆಲ್‌ನಲ್ಲಿ ಬರೆಯಬೇಡಿ. ಲ್ಯಾಪ್‌ಟಾಪುಗಳಲ್ಲಿ ಸ್ಕೇಲಿಂಗ್ (ಅಕ್ಷರ, ಐಕಾನ್‌ಗಳನ್ನು ದೊಡ್ಡದಾಗಿ ತೋರಿಸುವ ಪ್ರಮಾಣ) ಸಾಮಾನ್ಯವಾಗಿ 125 ಪರ್ಸೆಂಟ್ ಇರುತ್ತದೆ. ಆಗ 1920 ಅಗಲದ ಚಿತ್ರಕ್ಕೆ ಬ್ರೌಸರ್ ಕೊಡುವ ಜಾಗ 1536 ಮಾತ್ರ, ಬಲಗಡೆ ಕಡಿದುಹೋಗುತ್ತದೆ. ಅಗಲ ಎತ್ತರ ಎರಡಕ್ಕೂ ನೂರಕ್ಕೆ ನೂರು ಕೊಟ್ಟರೆ ಸರಿಯಾಗಿ ಕೂರುತ್ತದೆ.

ಇಷ್ಟು ಮಾಡಿದರೂ ಆರಂಭದಲ್ಲಿ ಯಾರೂ ಮೋಸ ಹೋಗಲಿಲ್ಲ. ಕಾರಣ ಗಡಿಯಾರ. ಮೂಲೆಯ 10:42 ಹತ್ತು ನಿಮಿಷವಾದರೂ 10:42 ಆಗೇ ಇದ್ದರೆ ಕಣ್ಣು ಹಿಡಿದುಬಿಡುತ್ತದೆ. ಹಾಗಾಗಿ ಜೀವಂತ ಗಡಿಯಾರ ಬೇಕು. ಸೆಕೆಂಡಿಗೊಮ್ಮೆ ಸಮಯ ಬರೆಯುವ ಸ್ಕ್ರಿಪ್ಟ್ ಎರಡೇ ಸಾಲು, ಅಕ್ಷರ ವಿಂಡೋಸಿನದೇ ಫಾಂಟ್ ಆದ ಸೆಗೋ ಯುಐ, ಅಳತೆ 12. ತಲೆನೋವು ಇರುವುದು ಹಳೆಯ ಗಡಿಯಾರವನ್ನು ಮುಚ್ಚುವುದರಲ್ಲಿ. ವಿಂಡೋಸ್ 11ರ ಟಾಸ್ಕ್‌ಬಾರಿಗೆ ವಾಲ್‌ಪೇಪರಿನ ಛಾಯೆ ಇಳಿದಿರುತ್ತದೆ, ಒಂದೇ ಬಣ್ಣದ ಡಬ್ಬಿ ಹಾಕಿದರೆ ತೇಪೆ ಎದ್ದು ಕಾಣುತ್ತದೆ. ಅದೇ ಚಿತ್ರವನ್ನು ಆ ಡಬ್ಬಿಗೂ ಬ್ಯಾಕ್‌ಗ್ರೌಂಡ್ ಮಾಡಿ, ಪೊಸಿಷನ್ ಸರಿಸಿ, ಪಕ್ಕದ ಖಾಲಿ ಟಾಸ್ಕ್‌ಬಾರ್ ತುಣುಕನ್ನೇ ಹೊದಿಸಿದೆ. ಗೆರೆ ಕೂಡ ಕಾಣಲಿಲ್ಲ. ಸಮಯ 24 ಗಂಟೆಯದೋ ಎಎಂ-ಪಿಎಂಮೋ ಅನ್ನುವುದನ್ನು ಅವರ ಮೂಲ ಗಡಿಯಾರ ನೋಡಿಯೇ ಬರೆಯಿರಿ.

ಎರಡನೆಯದು ಐಕಾನ್ ಮೇಲೆ ಮೌಸ್ ಹೋದಾಗ ಏಳುವ ತೆಳು ಬಿಳಿ ಚೌಕ. ಅದಿಲ್ಲದಿದ್ದರೆ ಏನೋ ಸತ್ತಂತಿದೆ ಅನ್ನಿಸುತ್ತದೆ. ಪ್ರತಿ ಐಕಾನ್ ಮೇಲೆ ಪಾರದರ್ಶಕ ಡಬ್ಬಿ ಇಟ್ಟು, ಹೋವರ್‌ಗೆ ಶೇಕಡ ಹತ್ತರಷ್ಟು ಬಿಳಿ ಕೊಟ್ಟರೆ ಸಾಕು. ರೈಟ್ ಕ್ಲಿಕ್ ತಡೆಯದಿದ್ದರೆ ಬ್ರೌಸರಿನ ಮೆನು ಬಂದು ಬಯಲಾಗುತ್ತದೆ. ಟೆಕ್ಸ್ಟ್ ಸೆಲೆಕ್ಷನ್ ನಿಲ್ಲಿಸದಿದ್ದರೆ ಗಡಿಯಾರ ನೀಲಿಯಾಗುತ್ತದೆ. ಮೌಸ್ ಎಳೆದಾಗ ಡೆಸ್ಕ್‌ಟಾಪಿನಲ್ಲಿ ಬರುವ ನೀಲಿ ಆಯತವನ್ನೂ ಬರೆದು ನೋಡಿದೆ. ಇನ್ನೂ ಹತ್ತು ಸಾಲು ಜಾಸ್ತಿ, ಆದರೆ ನಮ್ಮ ಅನುಮಾನದ ಪಿಶಾಚಿ ಟೆಸ್ಟರ್ ಒಬ್ಬರು ನಂಬಿದ್ದು ಅದರಿಂದಲೇ.

ಮೇಲಿನದೆಲ್ಲ ಚೌಕಟ್ಟು. ನಿಜವಾದ ಮಜಾ ರೀಸೈಕಲ್ ಬಿನ್‌ನಲ್ಲಿದೆ. ಅದೊಂದನ್ನು ಮಾತ್ರ ಬೇರೆ ಮಾಡಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಬಲಕ್ಕೆ ಸರಿಯಲು ಬಿಡುತ್ತೇನೆ. ಎಷ್ಟು ಸೆಕೆಂಡಿಗೆ ಎಷ್ಟು ಪಿಕ್ಸೆಲ್ ಅನ್ನುವ ಲೆಕ್ಕ ನನ್ನಲ್ಲೇ ಇರಲಿ. ಮೌಸ್ ಹತ್ತಿರ ಬಂದಾಗ ಅದು ಏನು ಮಾಡುತ್ತದೆ ಅನ್ನುವುದೂ ಇಲ್ಲಿ ಬೇಡ.

ಫುಲ್‌ಸ್ಕ್ರೀನಿಗೆ ಎಫ್11 ಸಾಲದು. ಮೌಸ್ ಮೇಲಂಚಿಗೆ ಹೋದರೆ ಎಡ್ಜ್ ಬ್ರೌಸರ್ ತನ್ನ ಟೂಲ್‌ಬಾರ್ ಇಳಿಸುತ್ತದೆ. ರನ್ ಡಬ್ಬಿಯಿಂದ ಕಿಯಾಸ್ಕ್ ಮೋಡಿನಲ್ಲಿ (ಟೂಲ್‌ಬಾರ್ ಇಲ್ಲದೆ ಪರದೆ ತುಂಬ ಪುಟವೊಂದೇ ಕಾಣುವ ಬಗೆ) ತೆರೆಯಿರಿ. ಬ್ರೌಸರ್ ಆಗಲೇ ತೆರೆದಿದ್ದರೆ ಕಿಯಾಸ್ಕ್ ಆಜ್ಞೆ ಹಿಡಿಯದೆ ಮಾಮೂಲಿ ವಿಂಡೋ ಬರುತ್ತದೆ. ಬ್ರೌಸರ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಯೂಸರ್ ಡೇಟಾ ಫೋಲ್ಡರ್ ಬೇರೆಯದನ್ನು ತೋರಿಸಿದರೆ ಹೊಸದಾಗಿ ಏಳುತ್ತದೆ. ಇದು ಹೊಳೆಯಲು ನನಗೆ ಮೂರು ವಾರ ಬೇಕಾಯಿತು. ‘ವಿಂಡೋಸ್ ಕೀ ಒತ್ತಿದರೆ ಸ್ಟಾರ್ಟ್ ಮೆನು ಮೇಲೆ ಬರುತ್ತದಲ್ಲ’ ಅಂತ ಕೇಳಿದವರಿಗೆ ಉತ್ತರ: ಬರಲಿ. ಅವರಿಗೆ ಕೆಲಸದ ಅವಸರವಿದ್ದರೆ ಹೊರಗೆ ಬರಲು ಒಂದು ಬಾಗಿಲು ಇರಲೇಬೇಕು.

ದುಡ್ಡು ಹೋದದ್ದು ಮೌಸಿನ ಪ್ರಯೋಗಕ್ಕೆ. ಡೆಸ್ಕ್‌ಟಾಪ್ ಕಂಪ್ಯೂಟರ್ ಇಟ್ಟುಕೊಂಡ ಗೆಳೆಯನ ಮನೆಯಲ್ಲಿ, ಸಿಪಿಯು ಹಿಂದೆ ವೈರ್‌ಲೆಸ್ ಮೌಸಿನ ಡಾಂಗಲ್ (ಯುಎಸ್‌ಬಿ ರಿಸೀವರ್) ಚುಚ್ಚಿ ದೂರದಿಂದ ಕರ್ಸರ್ ಅಲುಗಿಸುವ ಯೋಚನೆ. ಮುನ್ನೂರು ಚಿಲ್ಲರೆಯ ಮೌಸ್ ಒಂದು ಮೀಟರ್ ದಾಟಲಿಲ್ಲ. ನಾನೂರೈವತ್ತರ ಇನ್ನೊಂದು ತಂದೆ, ಅದೂ ಅಷ್ಟೇ. ತಪ್ಪು ಮೌಸಿನದಲ್ಲ. ಯುಎಸ್‌ಬಿ 3.0 ಪೋರ್ಟ್ ವೈರ್‌ಲೆಸ್ ಮೌಸ್ ಬಳಸುವ 2.4 ಗಿಗಾಹರ್ಟ್ಸ್‌ನಲ್ಲೇ ರೇಡಿಯೋ ಗದ್ದಲ ಎಬ್ಬಿಸುತ್ತದೆ, ಇಂಟೆಲ್‌ನವರೇ 2012ರಲ್ಲಿ ಇದನ್ನು ಬರೆದಿದ್ದಾರೆ. ಜೊತೆಗೆ ತಗಡಿನ ಕ್ಯಾಬಿನೆಟ್ ಅಡ್ಡ. ನೀಲಿ ಪೋರ್ಟ್ ಬಿಟ್ಟು ಕಪ್ಪು 2.0 ಪೋರ್ಟಿಗೆ, ತೊಂಬತ್ತು ರೂಪಾಯಿಯ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ಟೇಬಲ್ ಅಂಚಿಗೆ ತಂದಾಗ ಐದಾರು ಮೀಟರ್ ಬಂತು. ಆಫೀಸಿನಲ್ಲಿ ಇದನ್ನು ಮಾಡಲೇಬೇಡಿ, ಹೊಸ ಯುಎಸ್‌ಬಿ ಸಾಧನ ಚುಚ್ಚಿದ್ದು ಐಟಿಯವರ ಲಾಗಿನಲ್ಲಿ ದಾಖಲಾಗಬಹುದು.

ನವೆಂಬರ್ 1ಕ್ಕೆ ಮಾತ್ರ ಇನ್ನೊಂದು ಆಟ. ಕನ್ನಡ ಕೀಬೋರ್ಡ್ ಆಗಲೇ ಇರುವವರ ಮೆಷಿನ್‌ನಲ್ಲಿ ವಿಂಡೋಸ್ ಮತ್ತು ಸ್ಪೇಸ್ ಒತ್ತಿ ಇನ್‌ಸ್ಕ್ರಿಪ್ಟಿಗೆ (ಇಂಗ್ಲಿಷ್ ಉಚ್ಚಾರಣೆಗೆ ಹೊಂದದ ಕನ್ನಡ ಕೀ ಜೋಡಣೆ) ಹಾಕಿಬಿಡುವುದು. ಹಲೋ ಅನ್ನುವುದಕ್ಕೆ ಐದು ಇಂಗ್ಲಿಷ್ ಕೀ ಒತ್ತಿದವರಿಗೆ ‘ಪಾತತದ’ ಅಂತ ಬರುತ್ತದೆ. ಇಂಗ್ಲಿಷ್ ಉಚ್ಚಾರಣೆಯಂತೆಯೇ ಕನ್ನಡ ಮೂಡಿಸುವ ಫೊನೆಟಿಕ್ ಲೇಔಟ್ ಆಗಿದ್ದರೆ ಮಜಾ ಇಲ್ಲ. ಎಚ್ಚರ ಬೇಕಾದದ್ದು ಪಾಸ್‌ವರ್ಡ್ ಖಾನೆಯಲ್ಲಿ. ಅಲ್ಲೂ ಅದೇ ಲೇಔಟ್ ಉಳಿದು ನಾಲ್ಕು ಸಲ ತಪ್ಪಾದರೆ ಅಕೌಂಟ್ ಲಾಕ್ ಆಗುವ ಆಫೀಸುಗಳಿವೆ. ಆದ್ದರಿಂದ ಪಕ್ಕದಲ್ಲೇ ನಿಂತಿರಿ.

ಸುಳ್ಳು ಅಪ್‌ಡೇಟ್ ಸ್ಕ್ರೀನ್ ಒಂದೇ ಸಲ ಹಾಕಿ ಬಿಟ್ಟುಬಿಟ್ಟೆ. ಶೇಕಡ 37ರಲ್ಲಿ ನಿಂತ ಅಪ್‌ಡೇಟ್ ಕಂಡ ಮನುಷ್ಯ ಎರಡು ನಿಮಿಷ ಕಾದು ಪವರ್ ಬಟನ್ ಅದುಮಿ ಹಿಡಿಯುತ್ತಾನೆ. ಎಕ್ಸೆಲ್ ತಾನಾಗಿ ಪ್ರತಿ ಇಟ್ಟುಕೊಳ್ಳುವ ಆಟೋರಿಕವರ್ ಹತ್ತು ನಿಮಿಷಕ್ಕೊಮ್ಮೆ, ನಡುವಿನ ಕೆಲಸ ಹೋಯಿತು ಅಂತಲೇ ಲೆಕ್ಕ. ಆ ಸಲ ಒಂದು ಶೀಟಿನ ನಲವತ್ತು ಸಾಲು ಹೋದವು, ಸಂಜೆ ಕೂತು ನಾನೇ ತುಂಬಿಸಿಕೊಟ್ಟೆ. ವಿಂಡೋಸ್ ಕೆಟ್ಟು ನಿಂತಾಗ ಬರುವ ನೀಲಿ ಸ್ಕ್ರೀನ್ ಕೂಡ ಬೇಡ. 2024ರ ಜುಲೈ 19ರಂದು ಲೋಕದ ತುಂಬ ವಿಂಡೋಸ್ ಮೆಷಿನ್‌ಗಳು ನಿಜವಾಗಿಯೇ ನೀಲಿಯಾಗಿ, ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆ ದಿನ ರಾತ್ರಿಯಿಡೀ ಕೂತವರಿಗೆ ಅದನ್ನು ತೋರಿಸಿ ನಗಿಸಲಾಗದು. ಮೇಲಾಗಿ 2025ರಿಂದ ವಿಂಡೋಸ್ 11ರಲ್ಲಿ ಆ ಸ್ಕ್ರೀನ್ ಕಪ್ಪಾಗಿದೆ, ನೀಲಿ ತೋರಿಸಿದರೆ ತಿಳಿದವರು ಕೂಡಲೇ ಹಿಡಿಯುತ್ತಾರೆ.

ಕೊನೆಗೆ ಆಲ್ಟ್ ಮತ್ತು ಎಫ್4 ಒತ್ತಿ, ಚಿತ್ರ, ಪುಟ, ಆ ಯೂಸರ್ ಡೇಟಾ ಫೋಲ್ಡರ್ ಮೂರನ್ನೂ ಅವರ ಎದುರಿಗೇ ಅಳಿಸಬೇಕು. ಪಿಕ್ಚರ್ಸ್ ಫೋಲ್ಡರ್ ಒನ್‌ಡ್ರೈವ್‌ಗೆ (ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹ) ಸೇರಿದ್ದರೆ ಚಿತ್ರ ಆಗಲೇ ಅಲ್ಲಿಗೆ ಅಪ್‌ಲೋಡ್ ಆಗಿರುತ್ತದೆ, ಅಲ್ಲಿನ ರೀಸೈಕಲ್ ಬಿನ್ನೂ ಖಾಲಿ ಮಾಡಿಸಿ.