ಬೆಳಗಿನ ಎಫ್‌ಎಂ ಶೋಗೆ ನಾನು ಹಾಸ್ಯ ಬರೆದದ್ದು ಹೀಗೆ

ಬೆಳಗ್ಗೆ ಎಂಟು ಗಂಟೆಗೆ ರೇಡಿಯೋ ಕೇಳುವವರ ಕೈ ಖಾಲಿ ಇರುವುದಿಲ್ಲ. ಒಬ್ಬರು ದೋಸೆ ಮಗುಚುತ್ತಿರುತ್ತಾರೆ, ಇನ್ನೊಬ್ಬರು ಕ್ಲಚ್ ಒತ್ತಿಕೊಂಡು ಸಿಗ್ನಲ್ ನೋಡುತ್ತಿರುತ್ತಾರೆ. ಯಾರೂ ನಮ್ಮ ಜೋಕ್ ಕೇಳಬೇಕು ಅಂತ ಕಾದು ಕೂತಿರುವುದಿಲ್ಲ. ಅವರ ಕಿವಿಯ ಒಂದು ಮೂಲೆ ಮಾತ್ರ ನಮಗೆ ಸಿಗುತ್ತದೆ, ಅದೂ ಸ್ವಲ್ಪ ಹೊತ್ತು. ಬೆಂಗಳೂರಿನ ಒಂದು ಎಫ್‌ಎಂ ಸ್ಟೇಷನ್ನಿನ ಬೆಳಗಿನ ಶೋಗೆ ಹಾಸ್ಯ ಬರೆದು ಕಳಿಸುತ್ತಾ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಇದೇ.

ಹನುಮಂತನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬೆಳಗ್ಗೆ ಶಟರ್ ಎತ್ತಿದ ಕೂಡಲೇ ರೇಡಿಯೋ ಹಾಕುತ್ತೇನೆ, ರಾತ್ರಿ ಮುಚ್ಚುವಾಗಲೇ ಆಫ್ ಮಾಡುವುದು. ರೇಡಿಯೋ ಹುಚ್ಚು ನನಗೆ ಮನೆಯಿಂದಲೇ ಬಂದದ್ದು. ಅಪ್ಪ ಆಕಾಶವಾಣಿಯವರು. ಅಂದರೆ ಅಲ್ಲಿ ಕೆಲಸ ಮಾಡಿದವರಲ್ಲ, ಅದನ್ನು ಬಿಟ್ಟು ಬೇರೇನೂ ಕೇಳದವರು. ಎ.ಎಸ್. ಮೂರ್ತಿಯವರ ಈರಣ್ಣನ ಮಾತು ಅವರಿಗೆ ಬಾಯಿಪಾಠ ಆಗಿತ್ತು. ಆ ಪಾತ್ರ ಎಷ್ಟು ಜನಪ್ರಿಯ ಆಗಿತ್ತು ಅಂದರೆ, ಮೂರ್ತಿಯವರಿಗೆ ಆಕಾಶವಾಣಿ ಈರಣ್ಣ ಅಂತಲೇ ಹೆಸರು ಬಿತ್ತು. ಒಂದು ಪಾತ್ರಕ್ಕೆ ಬರೀ ದನಿಯಿಂದಲೇ ಮೈ ಕೈ ಬರುತ್ತದೆ ಅಂತ ನನಗೆ ಮೊದಲು ಅನ್ನಿಸಿದ್ದು ಅಪ್ಪ ಆ ಮಾತುಗಳನ್ನು ಮತ್ತೆ ಮತ್ತೆ ಹೇಳಿ ನಗುತ್ತಿದ್ದಾಗ.

2001ರ ಜುಲೈನಲ್ಲಿ ರೇಡಿಯೋ ಸಿಟಿ ಶುರುವಾಯಿತು. ದೇಶದ ಮೊದಲ ಖಾಸಗಿ ಎಫ್‌ಎಂ ನಮ್ಮ ಬೆಂಗಳೂರಿನದ್ದು. ಮೊದಮೊದಲು ನಮ್ಮೂರಿನ ಖಾಸಗಿ ಎಫ್‌ಎಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳೇ ಜಾಸ್ತಿ ಇದ್ದವು. ಆಮೇಲೆ ಒಂದೊಂದೇ ಸ್ಟೇಷನ್ ಕನ್ನಡಕ್ಕೆ ಬಂತು. ಆರ್‌ಜೆಗಳು ನಮ್ಮ ಹಾಗೇ ಮಾತಾಡೋಕೆ ಶುರು ಮಾಡಿದರು. ಆ ಬದಲಾವಣೆ ಆಗದಿದ್ದರೆ ನನ್ನಂಥವರಿಗೆ ಅಲ್ಲಿ ಬರೆಯೋಕೆ ಜಾಗವೇ ಇರುತ್ತಿರಲಿಲ್ಲ.

ಶುರುವಾದದ್ದು ವಾಟ್ಸಾಪ್‌ನಿಂದ. ಬೆಳಗಿನ ಶೋನಲ್ಲಿ ದಿನಕ್ಕೊಂದು ವಿಷಯ ಕೊಟ್ಟು ಕೇಳುಗರಿಂದ ಉತ್ತರ ಕೇಳುತ್ತಾರಲ್ಲ, ಒಂದು ದಿನ ಆರ್‌ಜೆ ಕೇಳಿದ್ದು: "ಕರೆಂಟ್ ಹೋದ ತಕ್ಷಣ ನಿಮಗೆ ಮೊದಲು ನೆನಪಾಗೋದು ಏನು?" ನಾನು ಬರೆದೆ: "ಇನ್ವರ್ಟರ್ ಇರೋ ನೆಂಟರು." ಅಷ್ಟೇ. ಅವರು ಓದಿ, ಒಂದು ಕ್ಷಣ ಸುಮ್ಮನಾಗಿ, ಆಮೇಲೆ ನಕ್ಕರು. ನಮ್ಮ ಅಂಗಡಿಯಲ್ಲಿ ಆಧಾರ್ ಕಾರ್ಡ್ ಜೆರಾಕ್ಸ್‌ಗೆ ನಿಂತಿದ್ದವರೂ ನಕ್ಕರು. ಬರೆದದ್ದು ನಾನು ಅಂತ ಅವರಿಗೆ ಗೊತ್ತಿರಲಿಲ್ಲ. ಆ ನಗು ಕೇಳಿ ನನಗಾದ ಖುಷಿಯನ್ನು ಈಗಲೂ ಬರೆದು ಮುಗಿಸೋಕೆ ಆಗಲ್ಲ.

ಆಮೇಲೆ ದಿನಾ ಕಳಿಸೋಕೆ ಶುರು ಮಾಡಿದೆ. ಎಲ್ಲವನ್ನೂ ಓದುತ್ತಿರಲಿಲ್ಲ. ಓದಿದ್ದು ಯಾವುದು, ಬಿಟ್ಟಿದ್ದು ಯಾವುದು ಅಂತ ಬಿಲ್ ಬುಕ್ ಹಿಂದೆ ಬರೆದಿಟ್ಟುಕೊಳ್ಳುತ್ತಿದ್ದೆ. ಸ್ವಲ್ಪ ದಿನಕ್ಕೆ ಒಂದು ವಿಷಯ ಸ್ಪಷ್ಟವಾಗಿ ಕಂಡಿತು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದದ್ದನ್ನು ಓದುತ್ತಾರೆ. ಎರಡನೇ ಉಸಿರು ಬೇಕಾದದ್ದನ್ನು ಬಿಡುತ್ತಾರೆ.

ಹೀಗೇ ಇರುವಾಗ ಶೋ ಪ್ರೊಡ್ಯೂಸರ್ ಫೋನ್ ಮಾಡಿದರು. ನನಗಿಂತ ತುಂಬಾ ಚಿಕ್ಕ ಹುಡುಗ. "ಅಕ್ಕ, ನಿಮ್ಮದು ಚೆನ್ನಾಗಿ ಕೂರ್ತಾ ಇದೆ. ಇದೇ ಥರ ಎರಡು ಪಾತ್ರ ಇಟ್ಕೊಂಡು ಒಂದು ನಿಮಿಷದ ಸ್ಪಾರ್ಕ್ಲರ್ ಬರೀತೀರಾ?" ಅಂದರು. ಎಫ್‌ಎಂನವರ ಭಾಷೆಯಲ್ಲಿ ಹಾಡುಗಳ ಮಧ್ಯೆ ಆರ್‌ಜೆ ಮಾತಾಡುವುದು ಲಿಂಕ್. ಮೊದಲೇ ರೆಕಾರ್ಡ್ ಮಾಡಿ, ಸದ್ದುಗದ್ದಲ ಸೇರಿಸಿ ಹಾಕುವ ಪುಟ್ಟ ತಮಾಷೆ ತುಣುಕು ಸ್ಪಾರ್ಕ್ಲರ್. ಒಂದು ನಿಮಿಷ ಅಂದರೆ ಸುಮಾರು ನೂರು ಪದ. ಅದರಲ್ಲೇ ಜಾಗ ಯಾವುದು, ಮಾತಾಡುತ್ತಿರುವವರು ಯಾರು, ಅವರ ಮಧ್ಯೆ ತಕರಾರು ಏನು ಅಂತ ಗೊತ್ತಾಗಬೇಕು, ಕೊನೆಗೆ ನಗುವೂ ಬರಬೇಕು.

ನಾನು ಆರಿಸಿಕೊಂಡದ್ದು ಬಿಎಂಟಿಸಿ ಬಸ್. ಕಾರಣ ಸುಲಭ. ಬಸ್ಸು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಒಂದು ಸೀಟಿ, ಒಂದು "ರೈಟ್", ಒಂದು "ಹೋಲ್ಡಾನ್", ಅಷ್ಟಿದ್ದರೆ ಕೇಳುವವರು ಆಗಲೇ ಕಂಬಿ ಹಿಡಿದು ನಿಂತಿರುತ್ತಾರೆ. ಮೊದಲಿಗೆ ನನ್ನ ಪಾತ್ರಗಳು ಒಬ್ಬ ಕಂಡಕ್ಟರ್, ಒಬ್ಬ ಅಜ್ಜಿ. ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಬಾಕಿ ದುಡ್ಡನ್ನು ಟಿಕೆಟ್ ಹಿಂದೆ ಬರೆದುಕೊಟ್ಟು, "ಇಳಿಯೋವಾಗ ಇಸ್ಕೊಳ್ಳಿ" ಅನ್ನುತ್ತಾರಲ್ಲ, ಆ ಅಜ್ಜಿ ಇಸ್ಕೊಳ್ಳೋಕೆ ಮರೆತ ಹಳೇ ಟಿಕೆಟ್‌ಗಳನ್ನೆಲ್ಲ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು ಬರುತ್ತಿದ್ದಳು. "ಇದು ನಾಲ್ಕು ರೂಪಾಯಿ, ಇದು ಎರಡು ರೂಪಾಯಿ, ಇದು ನಮ್ಮತ್ತೆ ಬಿಟ್ಟು ಹೋಗಿದ್ದು. ಬಡ್ಡಿ ಹಾಕಿ ಮೆಜೆಸ್ಟಿಕ್‌ಗೆ ಒಂದು ಕೊಡಪ್ಪ." ಆ ಅಜ್ಜಿಯನ್ನು ಜನ ತುಂಬಾ ಹಚ್ಚಿಕೊಂಡರು. ನಮ್ಮ ಅತ್ತೆ ಹೀಗೇ, ನಮ್ಮ ದೊಡ್ಡಮ್ಮ ಹೀಗೇ ಅಂತ ಸ್ಟೇಷನ್ನಿಗೆ ವಾಯ್ಸ್ ನೋಟ್ ಕಳಿಸುತ್ತಿದ್ದರು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ. ಅಜ್ಜಿಗೆ ಈಗ ಶೂನ್ಯ ಟಿಕೆಟ್. ದುಡ್ಡೇ ಕೊಡದಿದ್ದ ಮೇಲೆ ಚಿಲ್ಲರೆ ಜಗಳ ಎಲ್ಲಿಂದ ಬರಬೇಕು? ಆ ಜೋಕಿನ ಬುಡವೇ ಹೋಯಿತು. ಪ್ರೊಡ್ಯೂಸರ್ "ಬಸ್ ಬಿಟ್ಬಿಡೋಣ ಅಕ್ಕ, ಬೇರೆ ಯೋಚ್ನೆ ಮಾಡಿ" ಅಂದರು. ನನಗೆ ಅಜ್ಜಿಯನ್ನು ಬಿಡುವ ಮನಸ್ಸು ಇರಲಿಲ್ಲ. ಅವಳಿಗೆ ಒಬ್ಬ ಗಂಡನನ್ನು ತಂದೆ. ಆಗ ಬರೆದದ್ದು ಇದು:

(ಸೀಟಿ. ಬಸ್ ಹೊರಡುವ ಸದ್ದು.)
ಕಂಡಕ್ಟರ್: ರೈಟ್! ತಾತ, ಟಿಕೆಟ್.
ತಾತ: ಎರಡು ಮೆಜೆಸ್ಟಿಕ್ ಕೊಡಪ್ಪ.
ಕಂಡಕ್ಟರ್: ಅಜ್ಜಿಗೆ ಫ್ರೀ. ನಿಮಗೆ ಮಾತ್ರ ದುಡ್ಡು.
ಅಜ್ಜಿ: ಹೋಲ್ಡಾನ್! ರೀ, ಇಳ್ಕೊಳ್ಳಿ.
ತಾತ: ಯಾಕೇ?
ಅಜ್ಜಿ: ನಾನು ಹೋಗಿ ಜಾಗ ಹಿಡ್ದಿರ್ತೀನಿ. ನೀವು ನಡ್ಕೊಂಡು ಬನ್ನಿ.

ಇಷ್ಟು ಚಿಕ್ಕದರಲ್ಲಿ ನಾವು ಎಷ್ಟು ತಲೆ ಕೆಡಿಸಿಕೊಂಡೆವು ಅಂತ ಹೇಳಿದರೆ ನಂಬಲಿಕ್ಕಿಲ್ಲ. ಕೊನೆಯ ಸಾಲನ್ನು ಎರಡು ಥರ ಹೇಳಿ ನೋಡಿದೆವು. "ನೀವು ನಡ್ಕೊಂಡು ಬನ್ನಿ, ನಾನು ಹೋಗಿ ಜಾಗ ಹಿಡ್ದಿರ್ತೀನಿ" ಅಂದರೆ ನಗು ಮಧ್ಯದಲ್ಲೇ ಬಂದು, ಉಳಿದ ಮಾತು ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ನಡ್ಕೊಂಡು ಬರೋದು ಕೊನೆಗೇ ಬರಬೇಕು. ಅದಾದ ಮೇಲೆ ಒಂದು ಅಕ್ಷರವೂ ಇರಬಾರದು. ಕಂಡಕ್ಟರ್ ನಗುವ ಸದ್ದು ಹಾಕೋಣ ಅಂತ ಒಂದು ಮಾತು ಬಂತು, ಅದೂ ಬೇಡ ಅಂತಾಯಿತು. ನೇರವಾಗಿ ಹಾಡಿಗೆ ಹೋದೆವು. ಇನ್ನೊಂದು ವಿಷಯ "ಹೋಲ್ಡಾನ್". ಅದು ಕಂಡಕ್ಟರ್ ಹೇಳಬೇಕಾದ ಮಾತು. ಅದನ್ನು ಅಜ್ಜಿಯ ಬಾಯಿಗೆ ಕೊಟ್ಟ ತಕ್ಷಣ ಬಸ್ಸಿನ ಯಜಮಾನಿಕೆ ಯಾರದ್ದು ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಅಜ್ಜಿಯ ದನಿ ಮಾಡಿದ್ದು ನಮ್ಮ ಆರ್‌ಜೆಯೇ. ಕೀರಲು ದನಿ ಮಾಡಲಿಲ್ಲ. ತಣ್ಣಗೆ, ಸಂಸಾರದ ಲೆಕ್ಕ ಹೇಳುವ ಹೆಂಗಸಿನ ಥರ ಹೇಳಿದರು. ನಗು ಬಂದದ್ದು ಆ ತಣ್ಣನೆಯ ದನಿಯಿಂದ.

ಬೇರೆಯವರ ಬಾಯಿಗೆ ಬರೆಯುವುದರಲ್ಲಿ ಇದೇ ದೊಡ್ಡ ವಿಷಯ ಅಂತ ನನ್ನ ಅನಿಸಿಕೆ. ನಾನು ಆರ್‌ಜೆ ಮಾತನ್ನು ವರ್ಷಗಟ್ಟಲೆ ಕೇಳಿದ್ದೆ. ಅವರು ಎಲ್ಲಿ ಉಸಿರು ತಗೊಳ್ಳುತ್ತಾರೆ, ಯಾವ ಮಾತನ್ನು ಎರಡು ಸಲ ಹೇಳುತ್ತಾರೆ, ಯಾವುದಕ್ಕೆ ತಾವೇ ಮೊದಲು ನಗುತ್ತಾರೆ ಅಂತ ಗೊತ್ತಿತ್ತು. ಅಭಿಮಾನಿಯಾಗಿ ಕೇಳಿದ್ದೇ ನನ್ನ ಕೈಯಲ್ಲಿದ್ದ ಬಂಡವಾಳ. ಬರೆದು ಮುಗಿಸಿದ ಮೇಲೆ ಮೊಬೈಲ್‌ನಲ್ಲಿ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ, ಜೆರಾಕ್ಸ್ ಮೆಷಿನ್ ಓಡುವಾಗ ಅದರ ಪಕ್ಕ ಇಟ್ಟು ಕೇಳುತ್ತೇನೆ. ಮೆಷಿನ್ ಸದ್ದಿನಲ್ಲಿ ಯಾವ ಪದ ಕೇಳಿಸುವುದಿಲ್ಲವೋ ಅದನ್ನು ಬದಲಾಯಿಸುತ್ತೇನೆ. ಮಿಕ್ಸಿ, ಕುಕ್ಕರ್, ಆಟೋ ಸದ್ದಿನ ನಡುವೆ ಕೇಳುವವರಿಗೆ ಇಷ್ಟಾದರೂ ಮಾಡಬೇಕಲ್ವಾ?

ನಮ್ಮ ಎಫ್‌ಎಂ ಹಾಸ್ಯ ಯಾವಾಗಲೂ ಟ್ರಾಫಿಕ್, ನೀರು, ಕರೆಂಟ್ ಸುತ್ತಲೇ ಯಾಕೆ ತಿರುಗುತ್ತದೆ ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಒಳಗೆ ಹೋಗಿ ನೋಡಿದ ಮೇಲೆ ನನಗೆ ಕಾರಣ ತಿಳಿಯಿತು. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಹೇಳುವ ಅನುಮತಿ ಇಲ್ಲ. 2011ರ ನೀತಿಯ ಪ್ರಕಾರ ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು, ಅಷ್ಟೇ. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ನೀರು ಮತ್ತು ಕರೆಂಟ್ ಮಾಹಿತಿ, ಊರಿನ ಹಬ್ಬ ಉತ್ಸವ, ಇವನ್ನೆಲ್ಲ ಸುದ್ದಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೊತೆಗೆ ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ಖಾಸಗಿಯವರಿಗೂ ಅನ್ವಯ. ಪಕ್ಷದ ಹೆಸರು ಹಿಡಿದು ಟೀಕೆ ಮಾಡುವ ಹಾಗಿಲ್ಲ, ಯಾವ ಧರ್ಮ, ಸಮುದಾಯವನ್ನೂ ಹಳಿಯುವ ಹಾಗಿಲ್ಲ. ಹಾಗಾಗಿ ಹಾಸ್ಯಕ್ಕೆ ಉಳಿಯುವುದು ರಸ್ತೆ ಮತ್ತು ಮನೆ. ಇದು ಕಡಿಮೆ ಅಂತ ನನಗೆ ಅನ್ನಿಸಿಲ್ಲ. ಬೆಂಗಳೂರಿನವರ ಬೆಳಗ್ಗೆ ಪೂರ್ತಿ ಕಳೆಯುವುದು ಆ ಎರಡರಲ್ಲೇ.

ನಾನೇ ಹಾಕಿಕೊಂಡ ನಿಯಮ ಒಂದಿದೆ. ಮಂಡ್ಯ, ಹುಬ್ಬಳ್ಳಿ, ಮಂಗಳೂರು ಕಡೆ ಮಾತಾಡುವ ಪಾತ್ರ ತಂದರೆ, ಜಾಣ ಮಾತು ಆ ಪಾತ್ರದ ಬಾಯಲ್ಲೇ ಬರಬೇಕು. ಮಾತಿನ ಧಾಟಿಯನ್ನೇ ಜೋಕ್ ಮಾಡಿ ನಗಿಸುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಬೆಂಗಳೂರಿಗೆ ಹೊಸದಾಗಿ ಬಂದ ಹುಡುಗ ಪಿಜಿಯಲ್ಲಿ ಕೂತು ರೇಡಿಯೋ ಹಾಕಿ, ತನ್ನ ಊರಿನ ಭಾಷೆಗೆ ಜನ ನಗುವುದನ್ನು ಕೇಳಿದರೆ ಅವನಿಗೆ ಹೇಗನ್ನಿಸಬೇಡ? ಇಂಥ ಸ್ಕ್ರಿಪ್ಟ್ ಬರೆದರೆ ಆ ಊರಿನವರ ಹತ್ತಿರ ಓದಿಸಿಯೇ ಕಳಿಸುವುದು. ಅಂಗಡಿಗೆ ಧಾರವಾಡ ಕಡೆಯವರೊಬ್ಬರು ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್‌ಗೆ ಬರುತ್ತಾರೆ. ಒಮ್ಮೆ ಓದಿ, "ಎಲ್ಲಾ ಮಾತಿಗೂ ಲೇ ಅಂತ ಹಾಕಬ್ಯಾಡ್ರೀ. ಹಿರೇರಿಗೆ ಹಂಗ ಅನ್ನಂಗಿಲ್ಲ" ಅಂದರು. ಆಮೇಲೆ ತಾವೇ ಕೂತು ಆ ಪಾತ್ರಕ್ಕೆ ಒಂದು ಸಾಲು ಹೇಳಿಕೊಟ್ಟರು. ಅದು ನಾನು ಬರೆದ ಎಲ್ಲದಕ್ಕಿಂತ ಚೆನ್ನಾಗಿತ್ತು, ಹಾಗೇ ಹಾಕಿಸಿದೆ.

ಸಿನಿಮಾ ಹಾಡಿನ ಧಾಟಿಗೆ ಬೇರೆ ಸಾಹಿತ್ಯ ಬರೆದು ಕಳಿಸುವವರು ತುಂಬಾ ಜನ. ನಾನು ಅದಕ್ಕೆ ಕೈ ಹಾಕುವುದಿಲ್ಲ. ಸ್ಟೇಷನ್ನಿನವರು ಹಾಡು ಪ್ರಸಾರ ಮಾಡೋಕೆ ದುಡ್ಡು ಕಟ್ಟಿರುತ್ತಾರೆ ನಿಜ, ಆದರೆ ಅದೇ ಧಾಟಿಗೆ ಹೊಸ ಮಾತು ಸೇರಿಸಿ ಹಾಡಿಸುವುದು ಬೇರೆ ಹಕ್ಕಿನ ಪ್ರಶ್ನೆ. ಬದಲಿಗೆ ಹರಿಕಥೆಯ ಧಾಟಿ ಹಿಡಿದೆ. ಅದು ಯಾರ ಸ್ವತ್ತೂ ಅಲ್ಲ, ಕೇಳಿದ ಕೂಡಲೇ ಎಲ್ಲರಿಗೂ ಗುರುತು ಸಿಗುತ್ತದೆ, ಒಂದು ತಾಳ ಇದ್ದರೆ ಸಾಕು. "ಅಂತೂ ಭಕ್ತಾದಿಗಳೇ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಮ್ಮ ಕಥಾನಾಯಕನ ಬೈಕು ಮುಂದೆ ಹೋಯಿತೇ? ಇಲ್ಲ! ಹಿಂದಾದರೂ ಬಂತೇ? ಹಿಂದೆ ನೀವೇ ಇದ್ದಿರಲ್ಲ!" ಇದನ್ನು ಟ್ರಾಫಿಕ್ ಅಪ್‌ಡೇಟ್ ಆದ ತಕ್ಷಣ ಹಾಕುತ್ತಿದ್ದರು. ಸಿಲ್ಕ್ ಬೋರ್ಡ್‌ನಲ್ಲೇ ಸಿಕ್ಕಿಹಾಕಿಕೊಂಡು ಕೇಳಿದೆವು ಅಂತ ಹೇಳಿದವರಿದ್ದಾರೆ.

ದುಡ್ಡಿನ ಮಾತು ಕೇಳುವವರೂ ಇದ್ದಾರೆ. ಕೇಳುಗರಾಗಿ ಕಳಿಸಿದ ಒಂದು ಸಾಲಿಗೆ ದುಡ್ಡು ಬರುವುದಿಲ್ಲ, ಹೆಸರು ಹೇಳುತ್ತಾರೆ. ಸ್ಪಾರ್ಕ್ಲರ್ ಶುರುವಾದ ಮೇಲೆ ಸ್ಕ್ರಿಪ್ಟ್‌ಗೆ ಇಷ್ಟು ಅಂತ ಮಾತಾಯಿತು. ದೊಡ್ಡ ಮೊತ್ತ ಅಲ್ಲ, ಆದರೆ ಕೇಳಿ ತಗೊಂಡೆ. ಇದನ್ನು ಬರೆಯುತ್ತಿರುವುದು ಹೊಸಬರಿಗಾಗಿ: 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ಕೆಲಸವಲ್ಲದೆ ಹೊರಗಿನಿಂದ ಬರೆದುಕೊಟ್ಟರೆ ಹಕ್ಕು ಮೊದಲು ಬರೆದವರದ್ದೇ. ಅದನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಲಿಖಿತವಾಗಿ ಆಗಬೇಕು. ನಮ್ಮ ಪ್ರೊಡ್ಯೂಸರ್ ಜೊತೆ ಒಂದು ಹಾಳೆಯಲ್ಲಿ ಇದನ್ನೆಲ್ಲ ಬರೆದುಕೊಂಡೆವು. ಅಜ್ಜಿ ಪಾತ್ರ ನನ್ನದು, ಪ್ರಸಾರದ ಹಕ್ಕು ಅವರದ್ದು. ಸ್ನೇಹ ಇದ್ದಾಗಲೇ ಇಂಥದ್ದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಕೆಲಸ ನಡೆಯುತ್ತಿರುವುದು ಮೆಟ್ರೋ ಮೇಲೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಗಿ, ಸಿಲ್ಕ್ ಬೋರ್ಡ್‌ಗೂ ಸ್ಟೇಷನ್ ಬಂತು. ಶುರುವಿನಲ್ಲಿ ರೈಲುಗಳು ಕಡಿಮೆ ಇದ್ದವು, 25 ನಿಮಿಷಕ್ಕೊಂದು. ಕೆಳಗೆ ರಸ್ತೆಯಲ್ಲಿ ಕಾಯುತ್ತಿದ್ದವರು ಮೇಲೆ ಹೋಗಿ ಕಾಯುವ ಹಾಗಾಯಿತು. ತಾತ, ಅಜ್ಜಿಯನ್ನು ಅಲ್ಲಿಗೆ ಹತ್ತಿಸಿದ್ದೇನೆ. ಮೆಟ್ರೋದಲ್ಲಿ ಹೆಂಗಸರಿಗೆ ಫ್ರೀ ಇಲ್ಲ, ಇಬ್ಬರಿಗೂ ಟಿಕೆಟ್ ತಗೋಬೇಕು. ತಾತನಿಗೆ ಅದೇ ಒಂದು ಸಂಭ್ರಮ. ಅಜ್ಜಿ ಏನು ಹೇಳಬೇಕು ಅನ್ನೋದು ಇನ್ನೂ ಕುದುರಿಲ್ಲ. ಸದ್ದಿನದ್ದೂ ಒಂದು ತೊಂದರೆ ಇದೆ. ಬಸ್ಸಿಗೆ ಸೀಟಿ ಇತ್ತು, ಕಂಡಕ್ಟರ್ ಇದ್ದ. ಮೆಟ್ರೋದಲ್ಲಿ ಬಾಗಿಲು ಮುಚ್ಚುವ ಸದ್ದು ಬಿಟ್ಟರೆ ಹಿಡಿದುಕೊಳ್ಳೋಕೆ ಹೆಚ್ಚೇನಿಲ್ಲ, ಅಜ್ಜಿ ಜೊತೆ ಜಗಳ ಆಡೋಕೂ ಯಾರೂ ಇಲ್ಲ. ಬ್ಯಾಗ್ ಚೆಕ್ ಮಾಡುವ ಸೆಕ್ಯೂರಿಟಿಯ ಹುಡುಗಿಯನ್ನು ತರೋಣ ಅಂತ ಪ್ರೊಡ್ಯೂಸರ್ ಹೇಳುತ್ತಿದ್ದಾರೆ. ಅಜ್ಜಿಯ ಬ್ಯಾಗಿನಲ್ಲಿ ಏನೇನಿರಬಹುದು ಅಂತ ನಾನು ಪಟ್ಟಿ ಮಾಡುತ್ತಾ ಇದ್ದೇನೆ.